ವಾಕಿಂಗ್ ಮಾಡಿ ಅಂದರು, ಎಲ್ಲಿ ಮಾಡಲಿ?

"ದಿನಾ ಅರ್ಧ ಗಂಟೆ ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ಟೆನ್ಷನ್ ಮಾಡ್ಕೋಬೇಡಿ." ಬಿಪಿ ಜಾಸ್ತಿ ಇದೆ ಅಂತ ಗೊತ್ತಾದ ದಿನ ಡಾಕ್ಟರ್ ನನಗೆ ಹೇಳಿದ್ದು ಇಷ್ಟು. ಮೂರೂ ಸರಿಯಾದ ಮಾತೇ. ಆದರೆ ಆಗ ನಾವಿದ್ದ ಮನೆಯ ಬೆಡ್‌ರೂಮ್ ಕಿಟಕಿ ತೆರೆದರೆ ಮೇನ್ ರೋಡು. ರಾತ್ರಿಯಿಡೀ ಲಾರಿಗಳು. ಫುಟ್‌ಪಾತ್ ಹೆಸರಿಗೆ ಮಾತ್ರ. ಕತ್ತಲಾದ ಮೇಲೆ ಬೀದಿದೀಪವೂ ಇಲ್ಲ. ಒಂದು ತಿಂಗಳು ಹೇಗೋ ನಡೆದೆ, ಆಮೇಲೆ ಬಿಟ್ಟೆ. ನನಗೆ ಶಿಸ್ತಿಲ್ಲ ಅಂತ ಎಷ್ಟೋ ದಿನ ನನ್ನನ್ನೇ ಬೈದುಕೊಂಡೆ.

ಈಗ ಹಾಗೆ ಅನ್ನಿಸುವುದಿಲ್ಲ. ಕಾಯಿಲೆ ಬಂದರೆ ತಪ್ಪನ್ನೆಲ್ಲ ಆ ಮನುಷ್ಯನ ತಲೆಗೇ ಕಟ್ಟುತ್ತೇವೆ. ಅವನು ಎಂಥ ಬೀದಿಯಲ್ಲಿದ್ದಾನೆ ಅಂತ ಯಾರೂ ಕೇಳುವುದಿಲ್ಲ.

ಸದ್ದಿನ ವಿಷಯವನ್ನೇ ನೋಡಿ. ಏಳು ವರ್ಷ ಆ ಮನೆಯಲ್ಲಿದ್ದೆವು. ಯಾರಾದರೂ ಕೇಳಿದರೆ "ಅಭ್ಯಾಸ ಆಗಿಬಿಟ್ಟಿದೆ" ಅನ್ನುತ್ತಿದ್ದೆ. ಮನಸ್ಸಿಗೆ ಅಭ್ಯಾಸ ಆಗಿತ್ತು, ಮೈಗೆ ಆಗಿರಲಿಲ್ಲ. ನಾವು ಮಲಗಿದ್ದರೂ ಕಿವಿ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಹಾರ್ನ್ ಹೊಡೆದಾಗ ಎಚ್ಚರ ಆಗದೇ ಇರಬಹುದು, ಆದರೆ ಎದೆಬಡಿತ ಏರುತ್ತದೆ, ಬಿಪಿ ಏರುತ್ತದೆ, ಅಡ್ರಿನಲಿನ್, ಕಾರ್ಟಿಸಾಲ್‌ನಂಥ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಅಪಾಯ ಬಂದಾಗ ಓಡುವುದಕ್ಕೆ ಅಂತ ಮೈಯಲ್ಲಿರುವ ಏರ್ಪಾಡು ಅದು. ಅಪರೂಪಕ್ಕೆ ಆದರೆ ತೊಂದರೆಯಿಲ್ಲ. ರಾತ್ರಿಗೆ ಹತ್ತಾರು ಸಲ, ವರ್ಷಗಟ್ಟಲೆ ಆದರೆ? ಹೃದಯ, ರಕ್ತನಾಳ ಎರಡೂ ಸವೆಯುತ್ತವೆ. ರಾತ್ರಿ ಹೊತ್ತು ರಸ್ತೆಯ ಸದ್ದು ಸರಾಸರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಹೇಳಿದ್ದು ಸುಮ್ನೆ ಅಲ್ಲ.

"ಕಾಯಿಲೆಗೆ ಕಾರಣ ಬಡತನ, ಬೀದಿಯನ್ನು ಯಾಕೆ ದೂರುತ್ತೀಯ?" ಅಂತ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಅಮೆರಿಕದಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1994ರಿಂದ 1998ರವರೆಗೆ, ಐದು ನಗರಗಳ ತೀರಾ ಬಡ ಬಡಾವಣೆಗಳಲ್ಲಿದ್ದ ಕುಟುಂಬಗಳ ನಡುವೆ ಲಾಟರಿ ಎತ್ತಿದರು. ಕೆಲವರಿಗೆ ಬಡತನ ಕಡಿಮೆ ಇರುವ ಕಡೆ ಮನೆ ಮಾಡಲು ಬಾಡಿಗೆಗೆ ಸಹಾಯ ಸಿಕ್ಕಿತು. ಹತ್ತು ಹದಿನೈದು ವರ್ಷ ಬಿಟ್ಟು ನೋಡಿದರೆ, ಇವರ ಸಂಪಾದನೆ ಉಳಿದವರಿಗಿಂತ ಹೆಚ್ಚೇನೂ ಆಗಿರಲಿಲ್ಲ. ಆದರೆ ಈ ಅವಕಾಶ ಸಿಕ್ಕ ಹೆಂಗಸರಲ್ಲಿ ವಿಪರೀತ ಬೊಜ್ಜು, ಸಕ್ಕರೆ ಕಾಯಿಲೆ ಎರಡೂ ಕಡಿಮೆ ಇದ್ದವು. ಯಾರೂ ಅವರಿಗೆ ಡಯಟ್ ಹೇಳಿಕೊಟ್ಟಿರಲಿಲ್ಲ. ಬದಲಾಗಿದ್ದು ವಿಳಾಸ.

ಹಾಗಂತ ಎಲ್ಲರೂ ಮನೆ ಖಾಲಿ ಮಾಡಿಕೊಂಡು ಹೋಗೋಕಾಗುತ್ತಾ? ಬೀದಿಯನ್ನೇ ಸರಿಮಾಡಬೇಕು ಅಲ್ವಾ. ಅದಕ್ಕೆ ಕೋಟಿ ಕೋಟಿ ಸುರಿಯಬೇಕಾಗಿಯೂ ಇಲ್ಲ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 541 ಖಾಲಿ ಸೈಟುಗಳನ್ನು ಆರಿಸಿಕೊಂಡು, ಒಂದಷ್ಟರಲ್ಲಿ ಕಸ ತೆಗೆದು, ಹುಲ್ಲು ಬೆಳೆಸಿ, ಕೆಲವು ಗಿಡ ನೆಟ್ಟು, ಗಿಡ್ಡ ಬೇಲಿ ಹಾಕಿದರು. ಅಷ್ಟೇ. ಹಾಗೇ ಬಿಟ್ಟ ಸೈಟುಗಳ ಅಕ್ಕಪಕ್ಕದವರಿಗೆ ಹೋಲಿಸಿದರೆ, ಇಲ್ಲಿನವರಲ್ಲಿ ಮನಸ್ಸು ಕುಗ್ಗಿದೆ ಅನ್ನುವ ದೂರು ಶೇ 41ರಷ್ಟು ಇಳಿದಿತ್ತು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು. ಬೀದಿದೀಪ ಹಾಕಿಸುವುದನ್ನೂ, ಗಿಡ ನೆಡುವುದನ್ನೂ ಊರಿನ ಅಂದಕ್ಕೆ ಅಂತ ಲೆಕ್ಕ ಬರೆಯುತ್ತಾರೆ. ನನ್ನ ಪ್ರಕಾರ ಅದು ಆಸ್ಪತ್ರೆಯ ಖರ್ಚಿನ ಪಕ್ಕದಲ್ಲಿ ಬರಬೇಕಾದ ಲೆಕ್ಕ.

ನಮಗೆ ಕೈಲಾಯಿತು, ಮನೆ ಬದಲಾಯಿಸಿದೆವು. ಮೊದಲ ವಾರ ಸದ್ದಿಲ್ಲದೆ ನಿದ್ದೆಯೇ ಬರಲಿಲ್ಲ. ಈಗ ದಿನಾ ಸಂಜೆ ನಡೆಯುತ್ತೇನೆ, ಅದಕ್ಕೆ ಶಿಸ್ತು ಬೇಕು ಅನ್ನಿಸಿದ್ದೇ ಇಲ್ಲ. ಹಳೆಯ ಮನೆಗೆ ಬೇರೆಯವರು ಬಂದಿದ್ದಾರೆ. ಮೊನ್ನೆ ಏನೋ ಕಾಗದ ತರಲು ಹೋಗಿದ್ದೆ. ಅವರ ಪುಟ್ಟ ಮಗುವಿನ ಹಾಸಿಗೆಯನ್ನು ಅದೇ ಕಿಟಕಿಯ ಕೆಳಗೆ ಹಾಸಿದ್ದರು.