ಹೋಟೆಲಿನಲ್ಲಿ ಧಾರಾಳವಾಗಿ ಟಿಪ್ಸ್ ಕೊಡಬೇಕೇ?

ಪರ

ಊಟ ಮುಗಿದು, ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬಂದು, ಚಿಲ್ಲರೆ ವಾಪಸಾದಾಗ ಅದರಲ್ಲಿ ಹತ್ತಿಪ್ಪತ್ತು ರೂಪಾಯಿ ಬಿಟ್ಟು ಏಳುವುದು ನಮ್ಮ ಹೋಟೆಲುಗಳ ಹಳೆಯ ವಾಡಿಕೆ. ಮೊಬೈಲಿನಲ್ಲಿ ಹಣ ಕಟ್ಟುವುದು ರೂಢಿಯಾದ ಮೇಲೆ ಬಿಲ್ಲಿನ ಮೊತ್ತ ಪೈಸೆ ಹೆಚ್ಚುಕಮ್ಮಿಯಿಲ್ಲದೆ ಮಾಲೀಕರ ಖಾತೆಗೆ ಸೇರುತ್ತದೆ. ವಾಪಸ್ ಬರುವ ಚಿಲ್ಲರೆಯೇ ಇಲ್ಲವಾದ್ದರಿಂದ ತಟ್ಟೆಯಲ್ಲಿ ಸೋಂಪು ಮಾತ್ರ ಉಳಿಯುತ್ತದೆ. ಈಗ ಟಿಪ್ಸ್ ಕೊಡಬೇಕಾದರೆ ನೆನಪಿನಿಂದ ಜೇಬಿನಲ್ಲಿ ನೋಟು ಇಟ್ಟುಕೊಂಡೇ ಹೋಗಬೇಕು. ಹಾಗೆ ಇಟ್ಟುಕೊಂಡು ಹೋಗಬೇಕು, ಕೊಡುವಾಗ ಕೈ ಬಿಗಿ ಹಿಡಿಯಬಾರದು ಎಂಬುದು ನನ್ನ ವಾದ.

ಸಪ್ಲೈಯರ್ ಕೆಲಸವನ್ನು ಒಂದು ಭಾನುವಾರದ ಬೆಳಿಗ್ಗೆ ಗಮನವಿಟ್ಟು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಡ ಮುಂಗೈಯ ಮೇಲೆ ಮೂರು ದೋಸೆ ತಟ್ಟೆ ಜೋಡಿಸಿಕೊಂಡು, ಬಲಗೈಯಲ್ಲಿ ಕಾಫಿ ಲೋಟ ಹಿಡಿದು, ಮಕ್ಕಳು ಓಡಾಡುವ ಇಕ್ಕಟ್ಟಿನ ನಡುವೆ ನಡೆಯುತ್ತಲೇ, ಯಾವ ಮೇಜಿಗೆ ಎರಡನೇ ಸಲ ಚಟ್ನಿ ಬೇಕು, ಯಾರ ಕಾಫಿಗೆ ಸಕ್ಕರೆ ಬೇಡ ಎಂಬುದನ್ನೆಲ್ಲ ಆತ ತಲೆಯಲ್ಲಿ ಇಟ್ಟುಕೊಂಡಿರುತ್ತಾನೆ. ಇಡೀ ದಿನ ನಿಂತೇ ಮಾಡುವ ಕೆಲಸ ಅದು. ನಾನೂರು ರೂಪಾಯಿ ಬಿಲ್ಲಾದಾಗ ಐವತ್ತು ರೂಪಾಯಿ ಬಿಟ್ಟು ಬಂದರೆ ನಮಗೆ ಆಗುವ ಹೊರೆ ಎರಡು ಮೂರು ಕಾಫಿಯಷ್ಟು. ಸಂಬಳದ ಬಹುಪಾಲನ್ನು ಊರಿಗೆ ಕಳಿಸುವವನಿಗೆ ಅಂಥ ನಾಲ್ಕು ಮೇಜು ಸಿಕ್ಕರೆ ಆ ದಿನದ ಕೈಖರ್ಚು ಕಳೆಯುತ್ತದೆ.

ಇನ್ನೊಂದು ಮಾತು. ಬಿಲ್ಲಿನಲ್ಲಿ ತಾನಾಗಿಯೇ ಸರ್ವಿಸ್ ಚಾರ್ಜ್ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಲವಂತದ ವಸೂಲಿ ತಪ್ಪಿದ್ದು ಒಳ್ಳೆಯದೇ. ಆದರೆ ಅದರಿಂದ ಉಳಿದ ಹಣವನ್ನು ನಾವೇ ಇಟ್ಟುಕೊಂಡು ಸುಮ್ಮನಾಗುವುದು ಸರಿಯಲ್ಲ. ಬಡಿಸಿದವನ ಕೈಗೇ ನೋಟು ಕೊಟ್ಟರೆ ಅದು ಗಲ್ಲಾಪೆಟ್ಟಿಗೆಯನ್ನು ಹಾದು ಹೋಗಬೇಕಾಗಿಲ್ಲ.

ವಿರೋಧ

ಬಡಿಸಿದವನ ಕೈಗೆ ಹೋಯಿತು, ಸರಿ. ಬೆಳಗಿನ ಜಾವದಿಂದ ಕಾವಲಿಯ ಮುಂದೆ ಬೇಯುತ್ತಿರುವ ದೋಸೆ ಭಟ್ಟರಿಗೆ, ಹಿಂದುಗಡೆ ಪಾತ್ರೆ ತೊಳೆಯುವ ಹೆಂಗಸಿಗೆ, ನಾವು ಎದ್ದ ಕೂಡಲೇ ಒದ್ದೆ ಬಟ್ಟೆ ಹಿಡಿದು ಬರುವ ಕ್ಲೀನರ್ ಹುಡುಗನಿಗೆ ಏನು ಸಿಕ್ಕಿತು? ನಾವೇ ಟೋಕನ್ ಹಿಡಿದು ನಿಂತು ತಿನ್ನುವ ದರ್ಶಿನಿಯಲ್ಲಂತೂ ಟಿಪ್ಸ್ ಪಡೆಯುವ ಸಪ್ಲೈಯರೇ ಇಲ್ಲ. ಅಲ್ಲಿನ ಕೆಲಸವೇನೂ ಕಡಿಮೆಯದಲ್ಲ.

ಧಾರಾಳತನ ವಾಡಿಕೆಯಾಗಿ ಗಟ್ಟಿಯಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವನ್ನು ನೋಡಬೇಕು. ಅಲ್ಲಿನ ಒಕ್ಕೂಟ ಕಾನೂನಿನ ಪ್ರಕಾರ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಆದರೆ ಟಿಪ್ಸ್ ಪಡೆಯುವ ನೌಕರನಿಗೆ ಮಾಲೀಕ 2.13 ಡಾಲರ್ ಕೊಟ್ಟರೂ ನಡೆಯುತ್ತದೆ. ಉಳಿದದ್ದನ್ನು ಗಿರಾಕಿಯ ಟಿಪ್ಸ್ ತುಂಬಬೇಕು, ಅದು ಸಾಲದಿದ್ದರೆ ಮಾತ್ರ ಮಾಲೀಕ ತುಂಬಬೇಕು. ಆ 2.13 ಡಾಲರ್ 1991ರಿಂದ ಅಲ್ಲಾಡಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಈ ಪದ್ಧತಿಯನ್ನು ಒಪ್ಪಿಲ್ಲ ನಿಜ, ಆದರೆ ಉಳಿದ ಅನೇಕ ಕಡೆ ಗಿರಾಕಿಯ ಔದಾರ್ಯ ಮಾಲೀಕನ ಸಂಬಳದ ಪಟ್ಟಿಯನ್ನು ಹಗುರ ಮಾಡುತ್ತಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೂ "ಟಿಪ್ಸ್ ಬರುತ್ತಲ್ಲಪ್ಪ" ಎಂದು ಹೇಳಿ ಸಂಬಳ ಏರಿಸುವ ಮಾತನ್ನು ಮುಂದೂಡುವುದಕ್ಕೆ ಕಾನೂನೇನೂ ಬೇಕಾಗಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಟಿಪ್ಸ್ ಮಾಲೀಕ ಕೊಡುವ ಸಂಬಳವಲ್ಲ. ಆದಾಯ ತೆರಿಗೆಯ ಪ್ರಕರಣವೊಂದರಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೆಯೇ ಹೇಳಿತು. ಸಂಬಳವಲ್ಲದ್ದು ಪಿಎಫ್ ಲೆಕ್ಕಕ್ಕೆ ಬರುವುದಿಲ್ಲ. ಜ್ವರ ಬಂದು ನಾಲ್ಕು ದಿನ ಮಲಗಿದರೆ ಟಿಪ್ಸ್ ಇಲ್ಲ, ಮಂಡಿ ಸವೆದು ಊರಿಗೆ ಹಿಂತಿರುಗುವ ದಿನವೂ ಇಲ್ಲ. ಒಬ್ಬ ಸಪ್ಲೈಯರ್ ಹತ್ತು ವರ್ಷ ನಮ್ಮಿಂದ ಪಡೆದ ಐವತ್ತರ ನೋಟುಗಳೆಲ್ಲ ಸೇರಿ ಅವನ ಮುಪ್ಪಿಗೆ ಒಂದು ರೂಪಾಯಿಯ ಹಕ್ಕನ್ನೂ ಹುಟ್ಟಿಸುವುದಿಲ್ಲ. ಬೈಟು ಕಾಫಿ ಕುಡಿಯುವ ಇಬ್ಬರು ಮುದುಕರ ಮೇಜಿಗೆ ನೀರು ತಡವಾಗಿ ಬರುವುದನ್ನೂ, ದೊಡ್ಡ ಸಂಸಾರದ ಮೇಜಿನ ಸುತ್ತ ಇಬ್ಬರು ಸಪ್ಲೈಯರುಗಳು ನಿಂತಿರುವುದನ್ನೂ ಕಂಡಾಗ ನನಗೆ ಆ ಹುಡುಗರ ಮೇಲೆ ಸಿಟ್ಟು ಬರುವುದಿಲ್ಲ. ಅವರನ್ನು ಹಾಗೆ ಲೆಕ್ಕ ಹಾಕುವಂತೆ ಮಾಡಿದ ಪದ್ಧತಿಯ ಮೇಲೆ ಬರುತ್ತದೆ. ಮಸಾಲೆ ದೋಸೆಗೆ ಐದು ರೂಪಾಯಿ ಏರಿಸಿ, ಆ ಐದು ರೂಪಾಯಿ ಭಟ್ಟರಿಂದ ಕ್ಲೀನರ್‌ವರೆಗೆ ಎಲ್ಲರ ಸಂಬಳಕ್ಕೂ ಪಿಎಫ್‌ಗೂ ಸೇರುತ್ತದೆಂದು ಗಲ್ಲಾದ ಮುಂದೆ ಬೋರ್ಡ್ ಹಾಕಿದರೆ, ನಾನು ಚೌಕಾಸಿಯಿಲ್ಲದೆ ಕೊಡುತ್ತೇನೆ.