ಸತ್ಯಾಂಶ: ನೀರಿನಡಿಗೆ ಬಿಟ್ಟ ಹೊಗೆ ನಿರಪಾಯವಲ್ಲ

"ಸ್ಪೀಡ್‌ಬೋಟಿಗೆ ಎಕ್ಸಾಸ್ಟ್ ಸ್ವಿಚ್ ಹಾಕಿಸಿ ಸೈಲೆಂಟ್‌ನಲ್ಲಿಟ್ಟರೆ ವಿಷಾನಿಲ ನೀರಲ್ಲೇ ಕರಗುತ್ತದೆ, ಹಿಂದೆ ಧೈರ್ಯವಾಗಿ ಈಜಿ" ಎಂಬ ಫಾರ್ವರ್ಡ್ ತಪ್ಪು.

ಆ ಸ್ವಿಚ್ ಬದಲಿಸುವುದು ಹೊಗೆಯ ದಾರಿಯನ್ನಷ್ಟೇ: ದೋಣಿಯ ಹಿಂಬದಿಯಿಂದ ನೇರ ಗಾಳಿಗೆ, ಇಲ್ಲವೇ ಪ್ರೊಪೆಲರ್ ಮೂಲಕ ನೀರಿನಡಿಗೆ. ಸದ್ದು ತಗ್ಗುವುದು ನಿಜ. ಆದರೆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಅಲ್ಪ. ಗುಳ್ಳೆಯಾಗಿ ಮೇಲೆದ್ದು, ಈಜುವವರ ಮೂಗಿನ ಮಟ್ಟದಲ್ಲೇ ಹರಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಅದಕ್ಕೇ ನನಗೆ ಈ ಸಂದೇಶ ಕಂಡರೆ ಭಯ. ಅಮೆರಿಕದ ಲೇಕ್ ಪೊವೆಲ್‌ನಲ್ಲಿ ದೋಣಿಗಳ ಹಿಂಬದಿಯಲ್ಲಿದ್ದವರು ಇದೇ ಅನಿಲಕ್ಕೆ ಬಲಿಯಾಗಿದ್ದಾರೆ.

ಇನ್ನು ಹೊಗೆ ನೇರ ಗಾಳಿಗೆ ಹೋಗುವ ಸದ್ದಿನ ಮೋಡ್: ಫ್ಲೋರಿಡಾದಲ್ಲಿ ಸೈಲೆನ್ಸರ್ ತಪ್ಪಿಸಿ ಹೊಗೆ ಹೊರಬಿಡುವ 'ಕಟೌಟ್' ಸಾಧನದ ಬಳಕೆಗೆ ರೇಸು, ಅದರ ಟ್ರಯಲ್ ಬಿಟ್ಟರೆ ನಿಷೇಧವಿದೆ.

ಸ್ವಿಚ್ ಯಾವ ಕಡೆಗಿದ್ದರೂ ಯಾರಾದರೂ ನೀರಿಗಿಳಿಯುವ ಮೊದಲು ಎಂಜಿನ್, ಜನರೇಟರ್ ಎರಡನ್ನೂ ಆರಿಸಿ.