ದೊಡ್ಡ ಒಲೆ ಯಾಕೆ ಬೇಡ

ಕೋಣೆ ಬೆಚ್ಚಗಿಡುವ ಸೌದೆ ಒಲೆಯ ಬಗ್ಗೆ "ಚಿಕ್ಕ ಕೋಣೆಗೂ ದೊಡ್ಡ ಒಲೆಯೇ ಇರಲಿ, ಸೆಕೆಯಾದರೆ ಒಲೆಯ ಗಾಳಿಕಿಂಡಿ ಮುಚ್ಚಿದರಾಯ್ತು" ಎಂದು ಬರೆದಿದ್ದೀರಿ. ಇದನ್ನು ಖಂಡಿತ ಒಪ್ಪಲಾರೆ. ಮಡಿಕೇರಿಯಂಥ ಕಡೆ 10×12 ಅಡಿ ಕೋಣೆಗೆ 2–3 ಕಿಲೋವ್ಯಾಟ್ ಶಾಖ ಕೊಡುವ ಒಲೆ ಧಾರಾಳ ಸಾಕು. 8 ಕಿಲೋವ್ಯಾಟ್‌ನದ್ದು ತಂದು ಗಾಳಿ ಕಟ್ಟಿದರೆ ಸೌದೆ ಸರಿಯಾಗಿ ಉರಿಯುವುದಿಲ್ಲ, ಸುಮ್ನೆ ಹೊಗೆಯಾಡುತ್ತದೆ. ಆ ಹೊಗೆ ಹೊರಹೋಗುವ ಕೊಳವೆಯೊಳಗೆ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ, ಮುಂದೆ ಅದಕ್ಕೇ ಬೆಂಕಿ ಹತ್ತಬಹುದು. ನಮ್ಮ ನೆಂಟರ ಮನೆಯ ಕೊಳವೆ ಬಿಚ್ಚಿದಾಗ ಒಳಗೆ ಕೈ ತೂರುವಷ್ಟೂ ಜಾಗ ಉಳಿದಿರಲಿಲ್ಲ!

ಜುಲೈ ಮಳೆಯಲ್ಲಿ ಹಸಿ ಸೌದೆ ತುಂಬಿದರಂತೂ ಇದು ಇನ್ನೂ ಬೇಗ ಆಗುತ್ತದೆ. ಬೇಸಿಗೆಯಲ್ಲೇ ಸೀಳಿ ಒಣಗಿಸಿ, ಸೂರಿನಡಿ ಒಟ್ಟಿಟ್ಟ ಕಾಫಿ ಗಿಡದ ಸೌದೆ ಇದ್ದರೆ ಚಿಕ್ಕ ಒಲೆಯೇ ಕೋಣೆಯನ್ನು ಚೆನ್ನಾಗಿ ಬೆಚ್ಚಗಿಡುತ್ತದೆ.

ಕೊಳವೆಯ ಖರ್ಚು ಜಾಸ್ತಿ ಅಂತ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಮಾತ್ರ ಯಾರೂ ಮಲಗಬೇಡಿ. ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತಲೇ ಇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.